ಬರ್ಲಿಂಗ್ಟನ್ ಕಲಿಸಿದ ರಾಜಕಾರಣ

1981ರ ಮಾರ್ಚ್‌ನಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಹೊಸ ಮೇಯರನ್ನು ಆರಿಸಿತು. ಸುಮಾರು 38 ಸಾವಿರ ಜನರ ಊರು ಅದು. ಐದು ಅವಧಿ ಆಳಿದ್ದ ಡೆಮಾಕ್ರಾಟಿಕ್ ಪಕ್ಷದ ಗಾರ್ಡನ್ ಪ್ಯಾಕೆಟ್, ಮರುಎಣಿಕೆ ಮುಗಿದಾಗ ಬರೀ 10 ಮತಗಳಿಂದ ಸೋತಿದ್ದರು. ಗೆದ್ದವರು ಪಕ್ಷೇತರ ಬರ್ನಿ ಸ್ಯಾಂಡರ್ಸ್. ಆಗ ಅವರಿಗೆ 39 ವರ್ಷ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಸ್ಯಾಂಡರ್ಸ್ ಅವರ ತಂದೆ ಪೋಲೆಂಡಿನಿಂದ ವಲಸೆ ಬಂದವರು, ಬಣ್ಣ ಮಾರಿ ಸಂಸಾರ ನಡೆಸಿದವರು. 1972 ಮತ್ತು 1976ರ ನಡುವೆ ಸ್ಯಾಂಡರ್ಸ್ ಲಿಬರ್ಟಿ ಯೂನಿಯನ್ ಎಂಬ ಪುಟ್ಟ ಪಕ್ಷದಿಂದ ಸೆನೆಟ್‌ಗೆ, ಗವರ್ನರ್ ಹುದ್ದೆಗೆ ನಾಲ್ಕು ಬಾರಿ ನಿಂತು ನಾಲ್ಕೂ ಬಾರಿ ಸೋತಿದ್ದರು. ದೊಡ್ಡ ಹುದ್ದೆಗಳು ಕೊಡದ ಅವಕಾಶವನ್ನು ಊರು ಕೊಟ್ಟಿತು.

ದಾರಿ ಸಲೀಸಾಗಿರಲಿಲ್ಲ. ಮೇಯರ್ ಸೂಚಿಸಿದ ಅಧಿಕಾರಿಗಳ ನೇಮಕವನ್ನು ನಗರಸಭೆಯ ಸದಸ್ಯರು ತಳ್ಳಿಹಾಕಿದರು. ಮರುವರ್ಷದ ಚುನಾವಣೆಯಲ್ಲಿ ಸ್ಯಾಂಡರ್ಸ್ ಬೆಂಬಲಿಗರ ಸಂಖ್ಯೆ ಹೆಚ್ಚಿದ ಮೇಲೆ ಆಡಳಿತ ಹಳಿಗೆ ಬಂತು. ರಸ್ತೆಯ ಹಿಮ ತೆಗೆಸುವುದು, ಗಿಡ ನೆಡಿಸುವುದು, ನಗರದ ಲೆಕ್ಕಪತ್ರ ಸರಿಪಡಿಸುವುದು ದಿನನಿತ್ಯದ ಕೆಲಸವಾಯಿತು.

ಅತಿ ಮುಖ್ಯವಾದದ್ದು ವಸತಿ ಯೋಜನೆ. 1984ರಲ್ಲಿ ನಗರಸಭೆ 2 ಲಕ್ಷ ಡಾಲರ್ ಕೊಟ್ಟು ಸಮುದಾಯ ಭೂ ಟ್ರಸ್ಟ್ ಹುಟ್ಟುಹಾಕಿತು. ನೆಲ ಟ್ರಸ್ಟಿನದು, ಅದರ ಮೇಲಿನ ಮನೆ ಕೊಂಡವರದು. ಮಾರುವಾಗ ಏರಿದ ಬೆಲೆಯಲ್ಲಿ ಒಂದು ಪಾಲು ಮಾತ್ರ ಮಾಲೀಕರಿಗೆ. ಹಾಗಾಗಿ ಮುಂದೆ ಬರುವ ಸಾಧಾರಣ ಆದಾಯದ ಕುಟುಂಬಕ್ಕೂ ಆ ಮನೆ ಕೈಗೆಟುಕುತ್ತದೆ. ಇದೇ ಸಂಸ್ಥೆ ಬೆಳೆದು ಚಾಂಪ್ಲೇನ್ ಹೌಸಿಂಗ್ ಟ್ರಸ್ಟ್ ಆಗಿ, 2008ರಲ್ಲಿ ವಿಶ್ವ ಆವಾಸ ಪ್ರಶಸ್ತಿ ಪಡೆಯಿತು.

ಮತ್ತೆ ಮೂರು ಬಾರಿ ಮೇಯರ್ ಆಗಿ ಗೆದ್ದ ಸ್ಯಾಂಡರ್ಸ್, 1988ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಗೆ ನಿಂತು ಸೋತರು. 1990ರಲ್ಲಿ ಅದೇ ಎದುರಾಳಿ, ರಿಪಬ್ಲಿಕನ್ ಪಕ್ಷದ ಪೀಟರ್ ಸ್ಮಿತ್ ಅವರನ್ನು ಮಣಿಸಿದರು. 2006ರಲ್ಲಿ ಸೆನೆಟ್‌ಗೆ ಆಯ್ಕೆಯಾದರು. ಪಕ್ಷದ ಬಲವಿಲ್ಲದವರು ಸದನದಲ್ಲಿ ಏನನ್ನಾದರೂ ಸಾಧಿಸಬೇಕಾದರೆ ಒಬ್ಬೊಬ್ಬರನ್ನೇ ಒಪ್ಪಿಸಬೇಕು. ಬರ್ಲಿಂಗ್ಟನ್‌ನಲ್ಲಿ ಅವರು ಕಲಿತದ್ದೂ ಅದನ್ನೇ. 2010ರ ಆರೋಗ್ಯ ಕಾನೂನಿನಲ್ಲಿ ಸಮುದಾಯ ಆರೋಗ್ಯ ಕೇಂದ್ರಗಳಿಗೆ 1,100 ಕೋಟಿ ಡಾಲರ್ ಸೇರಿಸಲು ಶ್ರಮಿಸಿದರು. 2014ರಲ್ಲಿ ರಿಪಬ್ಲಿಕನ್ ಸೆನೆಟರ್ ಜಾನ್ ಮೆಕೇನ್ ಜೊತೆಗೂಡಿ ಮಾಜಿ ಸೈನಿಕರ ಚಿಕಿತ್ಸೆಗಾಗಿ ಕಾನೂನು ರೂಪಿಸಿದರು.

2016 ಮತ್ತು 2020ರಲ್ಲಿ ಅಧ್ಯಕ್ಷ ಸ್ಥಾನದ ಉಮೇದುವಾರಿಕೆ ಅವರಿಗೆ ದಕ್ಕಲಿಲ್ಲ. ಆದರೂ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಅವರಷ್ಟು ದೀರ್ಘ ಕಾಲ ಉಳಿದ ಪಕ್ಷೇತರರು ಬೇರೆ ಯಾರೂ ಇಲ್ಲ. ಅವರ ಎಲ್ಲ ನಿಲುವುಗಳನ್ನು ಒಪ್ಪಬೇಕೆಂದಿಲ್ಲ. ಆದರೆ ಊರಿನ ಆಡಳಿತವೇ ಶಾಸಕರನ್ನು ತಯಾರಿಸುವ ನಿಜವಾದ ಪಾಠಶಾಲೆ ಎಂಬುದನ್ನು ಈ ಬದುಕು ಸಾಬೀತುಪಡಿಸಿದೆ. ನಗರಸಭೆ ಚುನಾವಣೆಯನ್ನು ಸಣ್ಣದೆಂದು ಯಾರೂ ಕಡೆಗಣಿಸಬಾರದು.