ಸೀಟು ಮಾರಾಟಕ್ಕೆ ಬೇಲಿ ಹಾಕಿದ ಪರೀಕ್ಷೆ

ಮೀರತ್‌ನ ಮೋಹಿನಿ ಜೈನ್ 1991ರಲ್ಲಿ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸೀಟು ಕೇಳಿದರು. ಮೊದಲ ವರ್ಷದ ಶುಲ್ಕ 60,000 ರೂಪಾಯಿ ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂದಿತು ಕಾಲೇಜು. ಅಷ್ಟು ತನ್ನ ಕೈಲಾಗದು ಎಂದರು ತಂದೆ. ಸೀಟು ಸಿಗಲಿಲ್ಲ. ಆ 60,000 ಕಾಲೇಜು ತನ್ನ ಮನಸ್ಸಿಗೆ ಬಂದಂತೆ ಹೇಳಿದ ಲೆಕ್ಕವಾಗಿರಲಿಲ್ಲ. ಕ್ಯಾಪಿಟೇಶನ್ ಶುಲ್ಕ, ಅಂದರೆ ಸೀಟಿಗಾಗಿ ವಸೂಲಿ ಮಾಡುವ ಡೊನೇಶನ್, ನಿಷೇಧಿಸಿ 1984ರಲ್ಲಿ ಕಾಯ್ದೆ ಮಾಡಿದ ಕರ್ನಾಟಕ ಸರ್ಕಾರವೇ 1989ರಲ್ಲಿ ದರಪಟ್ಟಿ ಹೊರಡಿಸಿತ್ತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಸೀಟಿಗೆ ಕರ್ನಾಟಕದವರಾದರೆ 25,000 ಮೀರದಂತೆ, ಹೊರರಾಜ್ಯದವರಾದರೆ 60,000 ಮೀರದಂತೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲಿಗೆ ಬೋರ್ಡು ಬರೆಸಿದ ಹಾಗೆ.

1992ರ ಜುಲೈ 30ರಂದು ಸುಪ್ರೀಂ ಕೋರ್ಟ್ ಈ ಪ್ರಕರಣದಲ್ಲಿ ದೊಡ್ಡ ಮಾತನ್ನೇ ಆಡಿತು. ಶಿಕ್ಷಣ ಮೂಲಭೂತ ಹಕ್ಕು, ಕ್ಯಾಪಿಟೇಶನ್ ಶುಲ್ಕ ಬೇರೆ ಹೆಸರಿನಲ್ಲಿ ಬಂದರೂ ಸಲ್ಲದು ಎಂದಿತು. ಆದರೆ ಮೋಹಿನಿ ಅವರಿಗೆ ಸೀಟು ಕೊಡಿಸಲಿಲ್ಲ. ಅವರು ಮೆರಿಟ್ ಮೇಲೆ ಆಯ್ಕೆಯಾದವರಲ್ಲ, ತರಗತಿಗಳೂ ಹಿಂದಿನ ವರ್ಷವೇ ಶುರುವಾಗಿವೆ ಎಂಬುದು ಕೋರ್ಟು ಕೊಟ್ಟ ಕಾರಣ. ಕೇಸು ಗೆದ್ದವರಿಗೆ ದಕ್ಕಿದ್ದು ಕಾನೂನು ಪುಸ್ತಕಗಳಲ್ಲಿ ಹೆಸರು ಮಾತ್ರ.

ಖಾಸಗಿ ಕಾಲೇಜುಗಳು ಸುಮ್ಮನೆ ಕೂರಲಿಲ್ಲ, ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದವು. 1993ರ ಫೆಬ್ರುವರಿಯಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಖಾಸಗಿ ವೃತ್ತಿಶಿಕ್ಷಣ ಕಾಲೇಜಿನ ಅರ್ಧದಷ್ಟು ಸೀಟು ‘ಫ್ರೀ ಸೀಟು’, ಅದಕ್ಕೆ ಸರ್ಕಾರಿ ಕಾಲೇಜಿನ ಶುಲ್ಕ; ಇನ್ನರ್ಧ ‘ಪೇಮೆಂಟ್ ಸೀಟು’. ಎರಡನ್ನೂ ಮೆರಿಟ್ ನೋಡಿಯೇ ತುಂಬಬೇಕು. ಸರಿ, ಆ ಮೆರಿಟ್ ಪಟ್ಟಿ ಮಾಡುವವರು ಯಾರು, ಯಾವ ಅಳತೆಯಿಂದ? 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಬಂದದ್ದು ಇದಕ್ಕೆ ಉತ್ತರವಾಗಿ.

ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ಬರೆಯುವ ಸ್ಯಾಟ್ ಪರೀಕ್ಷೆಯ ಬೇರು ಮೊದಲ ಮಹಾಯುದ್ಧದಲ್ಲಿ ಸೈನಿಕರ ಬುದ್ಧಿಮತ್ತೆ ಅಳೆದ ಪರೀಕ್ಷೆಗಳಲ್ಲಿದೆ. 1926ರಲ್ಲಿ ಅದನ್ನು ರೂಪಿಸಿದ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ ಆ ಸೈನಿಕ ಪರೀಕ್ಷೆಗಳಲ್ಲಿ ಪಳಗಿದವರು. ನಮ್ಮ ಸಿಇಟಿಗೆ ಅಂಥ ಸಿದ್ಧಾಂತದ ಹಂಗಿಲ್ಲ. ಹುಡುಗ ಎಷ್ಟು ಜಾಣ ಎಂಬುದಕ್ಕಿಂತ ಕಾಲೇಜಿನ ಕ್ಯಾಷ್ ಕೌಂಟರಿನಲ್ಲಿ ಏನು ನಡೆಯುತ್ತಿದೆ ಎಂಬುದರ ಮೇಲೆ ಅದರ ಕಣ್ಣು. ಈ ಮೂಲ ಉದ್ದೇಶವನ್ನು ಮರೆತರೆ ಸಿಇಟಿ ಕುರಿತ ಅರ್ಧ ಚರ್ಚೆ ಅರ್ಥವಾಗುವುದಿಲ್ಲ.

ಪರೀಕ್ಷೆಯ ರಚನೆ ಸರಳ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನ; ಒಂದೊಂದಕ್ಕೂ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಕೊನೆಯ ಗಂಟೆ ಹೊಡೆಯುವ ಮೊದಲು ಉಳಿದ ಗುಂಡಿಗಳನ್ನೆಲ್ಲ ಕಪ್ಪು ಮಾಡಿ ಬರುವುದು ಹಳೆಯ ಸಂಪ್ರದಾಯ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯ ಅಂಕ ಅರ್ಧ, ದ್ವಿತೀಯ ಪಿಯುಸಿಯ ಅಂಕ ಅರ್ಧ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಅತ್ಯಂತ ವಿವೇಕದ ಅಂಶ ಈ ಅರ್ಧ-ಅರ್ಧ. ಎರಡು ವರ್ಷ ತರಗತಿಯಲ್ಲಿ ಕೂತು ಬರೆದು ಕಲಿತದ್ದಕ್ಕೂ ಬೆಲೆ ಉಂಟು ಎಂದು ಅದು ಹೇಳುತ್ತದೆ. ಗ್ರಾಮೀಣ ಶಾಲೆಗಳಲ್ಲಿ ಹತ್ತು ವರ್ಷ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿಯೂ ಜೊತೆಗಿದೆ.

ಸಿಇಟಿಯ ಬಗಲಲ್ಲೇ ನಡೆಯುವ ಇನ್ನೊಂದು ಪುಟ್ಟ ಪರೀಕ್ಷೆ ಯಾರ ಗಮನಕ್ಕೂ ಬೀಳುವುದಿಲ್ಲ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಯಂಥ ಕಡೆಯಿಂದ ಬರುವ ಗಡಿನಾಡು ಮತ್ತು ಹೊರನಾಡು ಕನ್ನಡಿಗರ ಮಕ್ಕಳು ಕರ್ನಾಟಕದ ಸೀಟಿಗೆ ಅರ್ಹರಾಗಲು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಾಲ್ಕನೇ ತರಗತಿಯ ಮಟ್ಟದ್ದು. 50 ಅಂಕಕ್ಕೆ 12 ಬಂದರೆ ಸಾಕು. ಫಿಸಿಕ್ಸ್‌ಗೆ ವರ್ಷಗಟ್ಟಲೆ ತರಬೇತಿ ಪಡೆದ ಹುಡುಗಿ ಹಿಂದಿನ ರಾತ್ರಿ ಅಜ್ಜಿಯ ಹತ್ತಿರ ಕಾಗುಣಿತ ತಿದ್ದಿಸಿಕೊಳ್ಳುವ ಪ್ರಸಂಗ ಬೇರೆ ಯಾವ ಪ್ರವೇಶ ಪರೀಕ್ಷೆಯಲ್ಲಿದೆಯೋ ಕಾಣೆ.

ಆರಂಭದ ವರ್ಷಗಳ ಕೌನ್ಸೆಲಿಂಗ್ ಕಂಡವರು ಅದನ್ನು ಮರೆಯುವುದಿಲ್ಲ. ಡಿಡಿ, ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರಗಳ ಫೈಲು ಅವುಚಿಕೊಂಡು ಬೀದರ್, ಕಾರವಾರಗಳಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದ ಅಪ್ಪಂದಿರು, ಪರದೆಯ ಮೇಲೆ ಒಂದೊಂದೇ ಕಡಿಮೆಯಾಗುವ ಸೀಟುಗಳು. ದಣಿವಿನ ಕೆಲಸ ನಿಜ. ಆದರೆ ಯಾರ ರ‍್ಯಾಂಕಿಗೆ ಯಾವ ಕಾಲೇಜು ಹೋಯಿತು ಎಂಬುದು ನೂರಾರು ಜನರ ಕಣ್ಣೆದುರೇ ನಡೆಯುತ್ತಿತ್ತು. ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ಆಪ್ಷನ್ ಎಂಟ್ರಿ, ಅಣಕು ಹಂಚಿಕೆ, ಸುತ್ತಿನ ಮೇಲೆ ಸುತ್ತು. ಬಸ್ ಚಾರ್ಜು ಉಳಿಯಿತು. ಆದರೆ 2024ರ ಕೊನೆಯಲ್ಲಿ ಬೇಡಿಕೆಯ ಎಂಜಿನಿಯರಿಂಗ್ ಸೀಟುಗಳನ್ನು ಆನ್‌ಲೈನಿನಲ್ಲೇ ಬ್ಲಾಕ್ ಮಾಡಿ ಕೊನೆಗೆ ಖಾಲಿ ಬಿಡಿಸುವ ಜಾಲದ ಬಗ್ಗೆ ಕೆಇಎ ತಾನೇ ಪೊಲೀಸರಿಗೆ ದೂರು ಕೊಡಬೇಕಾಯಿತು, ಬಂಧನಗಳೂ ಆದವು.

ಬೇಲಿಯ ಮೊದಲ ಗೂಟ ಕಿತ್ತದ್ದು 2002ರಲ್ಲಿ. ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಸೂತ್ರವನ್ನು ತೆಗೆದುಹಾಕಿತು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ಕಟ್ಟಿ ದೇಶಕ್ಕೆ ಖಾಸಗಿ ವೈದ್ಯಕೀಯ ಶಿಕ್ಷಣದ ದಾರಿ ತೋರಿದವರ ಹೆಸರೇ, ಅರ್ಧ ಶತಮಾನದ ಬಳಿಕ ಖಾಸಗಿ ಕಾಲೇಜುಗಳ ಸ್ವಾಯತ್ತತೆಗೆ ಅಂಟಿಕೊಂಡಿತು. 2004ರಲ್ಲಿ ಖಾಸಗಿ ಕಾಲೇಜುಗಳ ಒಕ್ಕೂಟ ಕಾಮೆಡ್-ಕೆ ತನ್ನದೇ ಪರೀಕ್ಷೆ ಶುರುಮಾಡಿತು. ಅಲ್ಲಿಂದ ಒಂದೇ ಕಾಲೇಜಿನ ಒಂದೇ ಬೆಂಚಿನಲ್ಲಿ ಸಿಇಟಿ ಸೀಟು, ಕಾಮೆಡ್-ಕೆ ಸೀಟು, ಮ್ಯಾನೇಜ್‌ಮೆಂಟ್ ಸೀಟು ಎಂದು ಮೂರು ದರದ ಮೂವರು ಕೂರತೊಡಗಿದರು.

ಎರಡನೆಯ ಏಟು ದೆಹಲಿಯಿಂದ ಬಂತು. ವೈದ್ಯಕೀಯಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಎಂಬ ನೀಟ್ 2013ರಲ್ಲಿ ಒಮ್ಮೆ ನಡೆಯಿತು, ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟೇ ಅದನ್ನು ರದ್ದು ಮಾಡಿತು, 2016ರಲ್ಲಿ ಆ ತೀರ್ಪನ್ನು ಹಿಂಪಡೆಯಿತು. 2016ರಲ್ಲಿ ಸುಗ್ರೀವಾಜ್ಞೆಯಿಂದ ರಾಜ್ಯದ ಸೀಟುಗಳಿಗೆ ಒಂದು ವರ್ಷದ ಜೀವದಾನ ಸಿಕ್ಕಿತು. 2017ರಿಂದ ಕರ್ನಾಟಕದ ಎಂಬಿಬಿಎಸ್ ಸೀಟಿಗೂ ನೀಟ್ ರ‍್ಯಾಂಕೇ ದಾರಿ. ನೀಟ್‌ನಲ್ಲಿ ಪಿಯುಸಿ ಅಂಕ ಅರ್ಹತೆಗೆ ಬೇಕು, ರ‍್ಯಾಂಕಿಗೆ ಬೇಡ. ಹೀಗಾಗಿ ವೈದ್ಯರಾಗಬೇಕೆನ್ನುವ ಮಕ್ಕಳಿಗೆ ಪಿಯು ಕಾಲೇಜು ಹಾಜರಾತಿ ಹಾಕಿಸುವ ಜಾಗವಾಯಿತು. ‘ಇಂಟಿಗ್ರೇಟೆಡ್’ ಹೆಸರಿನಲ್ಲಿ ಕಾಲೇಜೂ ಕೋಚಿಂಗೂ ಒಂದೇ ಕಟ್ಟಡಕ್ಕೆ ಬಂದವು, ಅನುತ್ತೀರ್ಣರಲ್ಲದ ಮಕ್ಕಳೂ ‘ಲಾಂಗ್ ಟರ್ಮ್’ ಎಂದು ಇನ್ನೊಂದು ವರ್ಷ ಹಾಸ್ಟೆಲಿನಲ್ಲಿ ಕಳೆಯತೊಡಗಿದರು. ಡೊನೇಶನ್ ಮೊದಲು ಸೀಟು ಸಿಕ್ಕ ಮೇಲೆ ಕೊಡುವುದಿತ್ತು. ಈಗ ಸೀಟು ಸಿಗಲಿ ಬಿಡಲಿ, ಎರಡು ವರ್ಷ ಮೊದಲೇ ಕಟ್ಟಬೇಕು, ರಸೀದಿ ಸಮೇತ.

ಸಿಇಟಿಯೇನೂ ನಿಷ್ಕಳಂಕವಲ್ಲ. ಕೋವಿಡ್‌ನಿಂದ 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ನಡೆಯದೆ ಎಲ್ಲರನ್ನೂ ಪಾಸು ಮಾಡಿದಾಗ ಆ ವರ್ಷ ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕ್ ಕೊಟ್ಟರು. ಅದು ಸರಿ. ಆದರೆ 2022ರಲ್ಲಿ ಮತ್ತೆ ಸಿಇಟಿ ಬರೆದ 2021ರ ತಂಡದವರ ಪಿಯು ಅಂಕವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವರು ಹೈಕೋರ್ಟಿಗೆ ಹೋದರು, ಗೆದ್ದರು. ಕೊನೆಗೆ ಅವರ ಪಿಯು ಅಂಕದಲ್ಲಿ ಒಂದಿಷ್ಟು ಕಳೆದು ಉಳಿದದ್ದನ್ನು ಪರಿಗಣಿಸುವ ಸೂತ್ರ ಬಂತು. ಅಷ್ಟರಲ್ಲಿ ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು. 2024ರದ್ದು ಇನ್ನೂ ಬೇಜವಾಬ್ದಾರಿಯ ಕಥೆ. ಪಠ್ಯದಿಂದ ಕೈಬಿಟ್ಟ ಪಾಠಗಳಿಂದಲೇ ಪ್ರಶ್ನೆಗಳು ಬಂದವು. ಗಲಾಟೆಯಾದ ಮೇಲೆ 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಆ 50ರಲ್ಲಿ ಸಮಯ ಕಳೆದುಕೊಂಡವರಿಗೆ ಯಾವ ಪರಿಹಾರವೂ ಇರಲಿಲ್ಲ.

ಅದೇ ವರ್ಷ ನೀಟ್‌ನ ಪ್ರಶ್ನೆಪತ್ರಿಕೆ ಸೋರಿಕೆ ಮತ್ತು ಕೃಪಾಂಕದ ವಿವಾದ ದೇಶದಲ್ಲೆಲ್ಲ ಎದ್ದಿತು. ಜುಲೈನಲ್ಲಿ ಕರ್ನಾಟಕ ವಿಧಾನಮಂಡಲ ನೀಟ್‌ನಿಂದ ವಿನಾಯಿತಿ ಕೇಳಿ ನಿರ್ಣಯ ಅಂಗೀಕರಿಸಿತು. ಪಕ್ಕದ ತಮಿಳುನಾಡು ಇನ್ನೂ ಮುಂದೆ ಹೋದ ರಾಜ್ಯ. ತನ್ನದೇ ಪ್ರವೇಶ ಪರೀಕ್ಷೆಯನ್ನು 2007ರ ಹೊತ್ತಿಗೆ ಕಿತ್ತೊಗೆದು ಹನ್ನೆರಡನೇ ತರಗತಿಯ ಅಂಕಕ್ಕೆ ಮರಳಿತ್ತು. ನಾವು ಅಷ್ಟು ದೂರ ಹೋಗಬೇಕೆಂದು ನನಗೆ ಅನಿಸುವುದಿಲ್ಲ. ಬೋರ್ಡಿಗೊಂದು ಅಂಕದ ಧಾರಾಳ ಇರುವಾಗ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಬೇಕು, ಪಿಯು ಅಂಕದ ಅರ್ಧವೂ ಬೇಕು.

ಪರೀಕ್ಷೆ ಹೇಗೇ ಇರಲಿ, ಸಾಲಿನಲ್ಲಿ ಯಾರು ಮುಂದೆ ಎಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ. ಕೌಂಟರಿನಲ್ಲಿ ಎಷ್ಟು ಕೇಳುತ್ತಾರೆ ಎಂಬುದನ್ನಲ್ಲ. ಶುಲ್ಕ ಮತ್ತು ಸೀಟು ಹಂಚಿಕೆ ಕುರಿತು ಸರ್ಕಾರಕ್ಕೂ ಖಾಸಗಿ ಕಾಲೇಜುಗಳ ಸಂಘಗಳಿಗೂ ಚೌಕಾಸಿ ನಡೆದೇ ಇರುತ್ತದೆ. ಸಿಇಟಿ ಬರೆದ ಮನೆಯವರು ಆ ಮಾತುಕತೆಯ ಸುದ್ದಿಗೆ ಕಾಯುತ್ತಾ ಕೂರುತ್ತಾರೆ. ಸರ್ಕಾರ ಒಂದೇ ಒಂದು ಕೆಲಸ ಮಾಡಲಿ: ಆಪ್ಷನ್ ಎಂಟ್ರಿ ಶುರುವಾಗುವ ಮೊದಲೇ ಪ್ರತಿ ಕಾಲೇಜಿನ, ಪ್ರತಿ ಕೋರ್ಸಿನ ಪೂರ್ತಿ ಶುಲ್ಕವನ್ನು, ‘ಇತರೆ’ ಎಂಬ ಕಲಮಿನಲ್ಲಿ ಅಡಗಿಸುವುದೂ ಸೇರಿದಂತೆ, ಕೆಇಎ ಜಾಲತಾಣದಲ್ಲಿ ಕನ್ನಡದಲ್ಲೇ ಪ್ರಕಟಿಸಲಿ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೆ ಪೋಷಕರು ರಸೀದಿ ಕೇಳಿ, ಲಿಖಿತ ದೂರು ಕೊಡಲಿ. 1984ರ ಕಾಯ್ದೆ ಇನ್ನೂ ಜಾರಿಯಲ್ಲಿದೆ.