ಮೀನಿಗೆ ಮೀನೇ ಬೇಕೆ? ಹಿಂಡಿ, ತೌಡು ಸಾಲದೆ?

ಹಸು ಕಟ್ಟಿರುವ ಅನೇಕ ಮನೆಗಳಲ್ಲಿ ಈಗ ಕೃಷಿ ಹೊಂಡವೂ ಇದೆ. ಹೊಂಡದಲ್ಲಿ ನೀರು ನಿಂತರೆ ಒಂದಿಷ್ಟು ಮೀನುಮರಿ ಬಿಡೋಣ ಎನಿಸುತ್ತದೆ. ಮರಿ ಬಿಟ್ಟ ಮೇಲೆ ಆಹಾರದ ಚಿಂತೆ. ಅಂಗಡಿಯ ಮೀನಿನ ಆಹಾರದಲ್ಲಿ ಮೀನಿನ ಪುಡಿ, ಮೀನೆಣ್ಣೆ ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು. ಮನೆಯಲ್ಲಿರುವ ಹಿಂಡಿಯನ್ನೇ ಹಾಕಿದರೆ ಹಸುವಿನ ಪಾಲು ಕಡಿಮೆಯಾಗುತ್ತದೆ. ಆದ್ದರಿಂದ ಸಹೋದರಿಯರೇ, ಮೀನಿಗೆ ನಿಜವಾಗಿ ಏನು ಬೇಕು ಎಂಬುದನ್ನು ತಿಳಿದೇ ಖರ್ಚು ಮಾಡುವುದು ಒಳ್ಳೆಯದು.

ಮೀನಿನ ಪುಡಿ ಎಲ್ಲಿಂದ ಬರುತ್ತದೆ?

ಸಮುದ್ರದ ಸಣ್ಣ ಮೀನುಗಳನ್ನು ಬೇಯಿಸಿ, ಹಿಂಡಿ, ಎಣ್ಣೆ ಬೇರ್ಪಡಿಸುತ್ತಾರೆ. ಉಳಿದದ್ದನ್ನು ಒಣಗಿಸಿ ಪುಡಿ ಮಾಡುತ್ತಾರೆ. 1 ಕಿಲೋ ಪುಡಿಗೆ ಸುಮಾರು 4ರಿಂದ 5 ಕಿಲೋ ಹಸಿ ಮೀನು ಬೇಕು. ನಮ್ಮ ಕರಾವಳಿಯಲ್ಲಿ ಬಡವರ ಊಟದ ಮೀನಾದ ಬೂತಾಯಿಯೂ ಈ ಕಾರ್ಖಾನೆಗಳಿಗೆ ಹೋಗುತ್ತದೆ. ಜಗತ್ತಿಗೆ ಅತಿ ಹೆಚ್ಚು ಮೀನಿನ ಪುಡಿ ಕೊಡುವ ದೇಶ ಪೆರು. 2023ರಲ್ಲಿ ಅಲ್ಲಿ ಸಮುದ್ರದ ನೀರು ಬಿಸಿಯಾಗಿ, ಬಲೆಗೆ ಮರಿ ಮೀನುಗಳೇ ಹೆಚ್ಚು ಬಿದ್ದಾಗ, ವರ್ಷದ ಮೊದಲ ಮೀನುಗಾರಿಕೆ ಹಂಗಾಮನ್ನೇ ಸರ್ಕಾರ ರದ್ದು ಮಾಡಿತು. ಪುಡಿಯ ಬೆಲೆ ಏರಿತು. ಸಮುದ್ರ ಕೊಡುವುದಕ್ಕೆ ಮಿತಿ ಇದೆ, ಮೀನು ಸಾಕಣೆ ಮಾತ್ರ ಬೆಳೆಯುತ್ತಲೇ ಇದೆ. ಅದಕ್ಕೇ ಬದಲಿ ಆಹಾರದ ಹುಡುಕಾಟ.

ಹಸುವಿನ ಹೊಟ್ಟೆ ಬೇರೆ, ಮೀನಿನ ಹೊಟ್ಟೆ ಬೇರೆ

ನಮ್ಮ ಹಸು ಒಣಹುಲ್ಲು ತಿಂದು ಹಾಲು ಕೊಡುವುದು ಅದರ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಂದ. ಅವು ಸಾಧಾರಣ ಮೇವಿನಿಂದಲೂ ಒಳ್ಳೆಯ ಪ್ರೋಟೀನ್ ತಯಾರಿಸುತ್ತವೆ. ಮೀನಿಗೆ ಅಂಥ ಹೊಟ್ಟೆ ಇಲ್ಲ. ಅದಕ್ಕೆ ಅಮೈನೋ ಆಮ್ಲಗಳು ಆಹಾರದಲ್ಲೇ ಸಿಗಬೇಕು. ಮೀನಿನ ಪುಡಿಯಲ್ಲಿ ಅವೆಲ್ಲ ಸರಿಯಾದ ಪ್ರಮಾಣದಲ್ಲಿವೆ, ಬೇಗ ಜೀರ್ಣವಾಗುತ್ತವೆ. ಆದರೆ ಮೀನಿಗೆ ಬೇಕಾದದ್ದು ಆ ಸತ್ವಗಳೇ ಹೊರತು ಮೀನೇ ಆಗಬೇಕೆಂದಿಲ್ಲ.

ನಾರ್ವೆಯ ಸಾಲ್ಮನ್ ಸಾಕಣೆ ಇದಕ್ಕೆ ಸಾಕ್ಷಿ. ಸಾಲ್ಮನ್ ಬೇರೆ ಮೀನನ್ನು ತಿಂದು ಬದುಕುವ ಜಾತಿ. 1990ರಲ್ಲಿ ಅದರ ಆಹಾರದಲ್ಲಿ ಸುಮಾರು ಶೇ. 90 ಭಾಗ ಸಮುದ್ರದ್ದೇ ಆಗಿತ್ತು. 2013ರ ಹೊತ್ತಿಗೆ ಅದು ಶೇ. 30ರ ಆಸುಪಾಸಿಗೆ ಇಳಿಯಿತು. ಪುಡಿಯ ಜಾಗಕ್ಕೆ ಸೋಯಾ ಪ್ರೋಟೀನ್, ಮೀನೆಣ್ಣೆಯ ಜಾಗಕ್ಕೆ ಸಾಸಿವೆ ಜಾತಿಯ ಬೀಜದ ಎಣ್ಣೆ ಬಂದವು. ಕೊರತೆಯಾದ ಅಮೈನೋ ಆಮ್ಲಗಳನ್ನು ಪ್ರತ್ಯೇಕವಾಗಿ ಸೇರಿಸಿದರು. ಎಣ್ಣೆಯದೇ ಕಷ್ಟ: ಮೀನಿನಲ್ಲಿರುವ ಒಮೆಗಾ-3 ಕೊಬ್ಬು ಕಡಿಮೆಯಾಯಿತು. ಅದನ್ನು ತುಂಬಲು ಈಗ ಪಾಚಿಯಿಂದ ತೆಗೆದ ಎಣ್ಣೆ ಬಳಕೆಗೆ ಬಂದಿದೆ.

ನಮ್ಮ ಹೊಂಡಕ್ಕೆ ಇಷ್ಟು ಸಾಕು

ನಾವು ಬಿಡುವ ಕಾಟ್ಲಾ, ರೋಹು, ಮೃಗಾಲ್ ಬೇಟೆಯಾಡುವ ಮೀನುಗಳಲ್ಲ. ನೀರಿನಲ್ಲಿ ಹುಟ್ಟುವ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಹುಳು, ತಳದ ಕೊಳೆತ ಪದಾರ್ಥ ತಿಂದು ಬೆಳೆಯುತ್ತವೆ. ಈ ಆಹಾರ ಬೆಳೆಯಲು ಬೇಕಾದ ಗೊಬ್ಬರ ನಮ್ಮ ಕೊಟ್ಟಿಗೆಯಲ್ಲೇ ಇದೆ: ಸಗಣಿ ಅಥವಾ ಗೋಬರ್ ಗ್ಯಾಸ್ ಬಗ್ಗಡ. ಒಮ್ಮೆಲೇ ಸುರಿಯದೆ, ಸ್ವಲ್ಪ ಸ್ವಲ್ಪವಾಗಿ ಹಾಕಿ. ಮೊಣಕೈವರೆಗೆ ನೀರಿನಲ್ಲಿ ಕೈ ಇಳಿಸಿದಾಗ ನೀರಿನ ಹಸಿರಿಗೆ ಅಂಗೈ ಕಾಣದಿದ್ದರೆ ಸಗಣಿ ನಿಲ್ಲಿಸಿ.

ಮೇಲಾಹಾರವಾಗಿ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲಿನಲ್ಲಿ ಬೆರೆಸಿ, ನೆನೆಸಿ, ಉಂಡೆ ಮಾಡಿ ತಟ್ಟೆಯಲ್ಲಿಟ್ಟು ನೀರಿಗೆ ಇಳಿಬಿಡಿ. ಮೀನಿನ ಒಟ್ಟು ತೂಕದ ಶೇ. 2ರಿಂದ 3ರಷ್ಟು ಸಾಕು. ಹೊಂಡದಲ್ಲಿ ಅಂದಾಜು 10 ಕಿಲೋ ಮೀನಿದ್ದರೆ ದಿನಕ್ಕೆ 200ರಿಂದ 300 ಗ್ರಾಂ. ಮಾರನೆಯ ದಿನ ತಟ್ಟೆಯಲ್ಲಿ ಉಳಿದಿದ್ದರೆ ಅಳತೆ ಕಡಿಮೆ ಮಾಡಿ. ಉಳಿದ ಹಿಂಡಿ ಕೊಳೆತು ನೀರಿನ ಪ್ರಾಣವಾಯುವನ್ನು ತಿನ್ನುತ್ತದೆ. ಹಸುವಿನ ಬಾಯಿಂದ ತೆಗೆದ ಹಿಂಡಿಯೂ ಹೋಯಿತು, ಮೀನೂ ಹೋಯಿತು ಎಂದಾಗಬಾರದು. ಬೆಳಿಗ್ಗೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅಂದು ಆಹಾರ, ಸಗಣಿ ಎರಡೂ ಬೇಡ. ಹೊಸ ನೀರು ಬಿಡಿ.

ಈ ನಾಲ್ಕು ಮಾತು ಮರೆಯಬೇಡಿ

1. ಪಶು ಆಹಾರವನ್ನು ಹೊಂಡಕ್ಕೆ ಹಾಕಬೇಡಿ. ಕೆಲವು ಪಶು ಆಹಾರಗಳಲ್ಲಿ ಯೂರಿಯಾ ಇರುತ್ತದೆ. ಹಸು ಅದನ್ನು ಪ್ರೋಟೀನ್ ಮಾಡಿಕೊಳ್ಳುತ್ತದೆ, ಮೀನಿಗೆ ಅದು ಸಾಧ್ಯವಿಲ್ಲ.

2. ಮೀನಿನ ಆಹಾರವನ್ನು ಹಸುವಿಗೆ ಹಾಕಲೇಬೇಡಿ. ದನ, ಹಂದಿಯ ಮಾಂಸ-ಮೂಳೆ ಪುಡಿ ಸೇರಿದ ಆಹಾರವನ್ನು ಹಾಲು ಕೊಡುವ ಪ್ರಾಣಿಗಳಿಗೆ ಕೊಡುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದೆ. ಮೀನಿನ ಆಹಾರಕ್ಕೆ ಆ ನಿಷೇಧವಿಲ್ಲ, ಆದ್ದರಿಂದ ಅದರಲ್ಲಿ ಅಂಥ ಪುಡಿ ಇರಬಹುದು. ಎರಡು ಚೀಲಗಳನ್ನೂ ದೂರ ದೂರ ಇಡಿ.

3. ಬೂಷ್ಟು ಹಿಡಿದ ಹಿಂಡಿ ಹಸುವಿಗೂ ಬೇಡ, ಮೀನಿಗೂ ಬೇಡ. ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಹಾಲಿಗೂ ಇಳಿಯುತ್ತದೆ. ಹಸು ತಿನ್ನದ ಹಿಂಡಿಯನ್ನು ಮೀನಿಗೆ ಹಾಕಿ ಮುಗಿಸೋಣ ಎನ್ನಬೇಡಿ.

4. ಹತ್ತಿಕಾಳು ಹಿಂಡಿ ಹಸುವಿಗೇ ಇರಲಿ. ಅದರಲ್ಲಿರುವ ಗಾಸಿಪಾಲ್ ಎಂಬ ಅಂಶ ಹೆಚ್ಚಾದರೆ ಮೀನಿನ ಬೆಳವಣಿಗೆ ಕುಂಠಿತವಾಗುತ್ತದೆ.

ಮರಿ ಬಿಡುವ ಮೊದಲು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ನಿಮ್ಮ ಹೊಂಡದ ಅಳತೆ ಹೇಳಿ, ಎಷ್ಟು ಮರಿ ಬಿಡಬಹುದೆಂದು ಕೇಳಿ ತಿಳಿಯಿರಿ. ಮರಿ ಮಿತವಾಗಿದ್ದರೆ ಕೊಟ್ಟಿಗೆಯ ಸಗಣಿಯೇ ಹೊಂಡದ ಅರ್ಧ ಊಟ ನೋಡಿಕೊಳ್ಳುತ್ತದೆ, ಹಸುವಿನ ಹಿಂಡಿ ಹಸುವಿಗೇ ಉಳಿಯುತ್ತದೆ.