ಕುರ್ಚಿಯ ಅಂದ ನೋಡಬೇಡಿ, ಅಡಿ ನೋಡಿ!

ಅದು 2015ರ ಮಾರ್ಚ್ ತಿಂಗಳು. ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ನಾಲ್ಕು ಹಳೆಯ ಚೀನೀ ಕುರ್ಚಿಗಳು ಬಿಕರಿಗೆ ಬಂದವು. ಬಂಗಾರದ ಲೇಪವಿಲ್ಲ, ಹೆಚ್ಚಿನ ಕೆತ್ತನೆಯೂ ಇಲ್ಲ. ಕುದುರೆ ಲಾಳದಂತೆ ಬಾಗಿದ ಬೆನ್ನು, ನಾಲ್ಕು ಕಾಲು, ಅಷ್ಟೆ. ಆದರೆ ಅವು ಹೋದ ಬೆಲೆ 96 ಲಕ್ಷ ಡಾಲರಿಗೂ ಹೆಚ್ಚು!

ಮಿಂಗ್ ಅರಸರ ಕಾಲದ (1368-1644) ಈ ಬಗೆಯ ಪೀಠೋಪಕರಣಗಳಿಗೆ ಇಂಥ ಬೆಲೆ ಬರಲು ಮೊದಲ ಕಾರಣ ಮರ. ‘ಹುವಾಂಗ್‌ಹುವಾಲಿ’ ಎಂಬ ಈ ಹೊನ್ನಗಂದು ಬಣ್ಣದ ಮರ ಹೈನಾನ್ ದ್ವೀಪದ್ದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ಮಲೆನಾಡಿನ ಬೀಟೆಯ ದಾಯಾದಿ. ಅರಮನೆಯವರು ಮೆಚ್ಚಿದ ಇನ್ನೊಂದು ಮರ ‘ಝಿತಾನ್’. ಹೆಚ್ಚಿನ ತಜ್ಞರು ಇದನ್ನು ರಕ್ತಚಂದನವೆಂದೇ ಗುರುತಿಸುತ್ತಾರೆ. ಅದರ ತವರು ನಮ್ಮ ನೆರೆಯ ಆಂಧ್ರದ ಕಡಪ, ಚಿತ್ತೂರು ಸೀಮೆಯ ಬೆಟ್ಟಗಳು.

ಎರಡನೆಯ ಕಾರಣ ಬಡಗಿಯ ಜಾಣ್ಮೆ. ಅಲ್ಲಿ ಮೊಳೆಯ ಮಾತಿಲ್ಲ. ಒಂದು ತುಂಡಿನ ನಾಲಗೆ ಇನ್ನೊಂದರ ಕಂಡಿಯೊಳಗೆ ಬಿಗಿಯಾಗಿ ಕೂರುತ್ತದೆ. ಮೇಜಿನ ಹಲಗೆಯನ್ನು ಚೌಕಟ್ಟಿನ ಗಾಡಿಯಲ್ಲಿ ಸಡಿಲವಾಗಿ ಸೇರಿಸುತ್ತಿದ್ದರು. ಮಳೆಗಾಲದಲ್ಲಿ ಮರ ಹಿಗ್ಗಿದರೂ ಬೇಸಗೆಯಲ್ಲಿ ಕುಗ್ಗಿದರೂ ಹಲಗೆ ಸೀಳದಿರಲಿ ಎಂಬ ದೂರದೃಷ್ಟಿ ಅದು.

ಬೆಲೆ ಇದ್ದಲ್ಲಿ ಮೋಸವೂ ಇರುತ್ತದೆ. ಹೊಸ ಮರಕ್ಕೆ ಬಣ್ಣ ಕೊಟ್ಟು ಹಳತೆಂದು ಮಾರುವುದುಂಟು. ಒಂದು ಹಳೆಯ ಕುರ್ಚಿಯ ಭಾಗಗಳನ್ನು ಹಂಚಿ, ಹೊಸ ತುಂಡು ಸೇರಿಸಿ, ‘ಜೋಡಿ’ ಕುರ್ಚಿ ಮಾಡುವವರೂ ಇದ್ದಾರೆ.

ಆದ್ದರಿಂದ ತಿಳಿದವರು ಮೊದಲು ಮಾಡುವ ಕೆಲಸ ಕುರ್ಚಿಯನ್ನು ತಲೆಕೆಳಗು ಮಾಡುವುದು. ಅಡಿಯಲ್ಲಿ ಕೈ ಉಳಿಯ ಗುರುತಿದೆಯೇ, ಯಂತ್ರದ ಗರಗಸದ ಗೆರೆಯೇ? ಕಾಲಿಡುವ ಅಡ್ಡಪಟ್ಟಿ ನಡುವೆ ಸವೆದಿದೆಯೇ? ನೂರಾರು ವರ್ಷ ಜನ ಪಾದವೂರಿದ ಸವೆತ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ, ಇದ್ದರೆ ಅನುಮಾನಪಡಬೇಕು. ಪ್ರಾಮಾಣಿಕವಾದ ಹಳೆಯ ರಿಪೇರಿ ದೋಷವಲ್ಲ. ಮುಚ್ಚಿಟ್ಟ ರಿಪೇರಿ ದೋಷ. ಇನ್ನೊಂದು ಎಚ್ಚರಿಕೆಯೂ ಬೇಕು. 1911ಕ್ಕೆ ಹಿಂದಿನ ಪುರಾತನ ವಸ್ತುಗಳನ್ನು ಹೊರಗೆ ಸಾಗಿಸಲು ಚೀನಾ 2007ರಿಂದ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ‘ನೇರವಾಗಿ ಬೀಜಿಂಗ್‌ನಿಂದ ತಂದ ಮಿಂಗ್ ಕುರ್ಚಿ’ ಎಂದರೆ ಕಾಗದಪತ್ರ ಕೇಳಲೇಬೇಕು.

ಈ ವಿದ್ಯೆಯನ್ನು ಲೋಕಕ್ಕೆ ಕಲಿಸಿದವರಲ್ಲಿ ದೊಡ್ಡ ಹೆಸರು ಬೀಜಿಂಗ್‌ನ ವಾಂಗ್ ಷಿಶಿಯಾಂಗ್ (1914-2009) ಅವರದು. ಯಾರಿಗೂ ಬೇಡವಾಗಿದ್ದ ಹಳೆಯ ಮೇಜು, ಕುರ್ಚಿಗಳನ್ನು ಅವರು ಬೀದಿಬೀದಿ ಅಲೆದು ಕೊಂಡು ತಂದರು. ಗ್ರಂಥಗಳನ್ನು ಓದಿದ್ದಷ್ಟೇ ಅಲ್ಲ, ಬಡಗಿಗಳ ಬಳಿ ಕುಳಿತು ಒಂದೊಂದು ಜೋಡಣೆಯ ಹೆಸರು ಕೇಳಿ ಬರೆದುಕೊಂಡರು. 1950ರ ದಶಕದ ಆರಂಭದಲ್ಲಿ ಮಾಡದ ತಪ್ಪಿಗೆ ಸೆರೆವಾಸ ಕಂಡು, ವಸ್ತುಸಂಗ್ರಹಾಲಯದ ಕೆಲಸವನ್ನೂ ಕಳೆದುಕೊಂಡರು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಅವರ ಸಂಗ್ರಹವೂ ಮನೆಯಿಂದ ಹೊರಟಿತು. ಅದು ಮರಳಿ ಬಂದಾಗ ಇಡಲು ಜಾಗವೇ ಇರಲಿಲ್ಲ! 1976ರ ಭೂಕಂಪದ ಸಮಯದಲ್ಲಿ ಹಳೆಯ ದೊಡ್ಡ ಕಪಾಟಿನೊಳಗೇ ಅವರು ಮಲಗುತ್ತಿದ್ದರು.

ಇಷ್ಟಾದರೂ ಬರವಣಿಗೆ ನಿಲ್ಲಲಿಲ್ಲ. 1985ರಲ್ಲಿ, ಎಪ್ಪತ್ತರ ಗಡಿ ದಾಟಿದ ಮೇಲೆ, ಮಿಂಗ್ ಶೈಲಿಯ ಪೀಠೋಪಕರಣಗಳ ಬಗ್ಗೆ ಅವರ ಗ್ರಂಥ ಹೊರಬಂತು. ಲೋಕ ಕಣ್ಣರಳಿಸಿತು, ಬೆಲೆಯೂ ಏರಿತು. ಆಗ ಅವರು ಬಿಡಿಬಿಡಿಯಾಗಿ ಮಾರಿ ಸಿರಿವಂತರಾಗಬಹುದಿತ್ತು. ಆದರೆ ಎಲ್ಲವೂ ಒಟ್ಟಾಗಿ ಜನರ ಕಣ್ಣಿಗೆ ಬೀಳುವಂತಿರಬೇಕೆಂಬುದು ಅವರ ಷರತ್ತು. ಅದರಂತೆ 1993ರಲ್ಲಿ 79 ವಸ್ತುಗಳು ಶಾಂಘೈ ವಸ್ತುಸಂಗ್ರಹಾಲಯ ಸೇರಿದವು.

ಲಕ್ಷಾಂತರ ಡಾಲರಿನ ಕುರ್ಚಿ ಎಲ್ಲರ ಕೈಗೆಟುಕುವಂಥದ್ದಲ್ಲ. ಆದರೆ ಅಜ್ಜನ ಕಾಲದ ಮೇಜೋ ಪೆಟ್ಟಿಗೆಯೋ ಅನೇಕ ಮನೆಗಳ ಅಟ್ಟದಲ್ಲಿ ಈಗಲೂ ಇದೆ. ಗುಜರಿಗೆ ಹಾಕುವ ಮುನ್ನ ಅಪ್ಪ, ಮಕ್ಕಳು ಕೂಡಿ ಒಮ್ಮೆ ಅದನ್ನು ಬೋರಲು ಹಾಕಿ ನೋಡಬಹುದು. ಬಡಗಿಯ ಕೈಗುರುತು ಓದಲು ಕಾಸು ಬೇಕಿಲ್ಲ.